ಮೂರು ಕಿಕ್ಕಿನ ಹೊತ್ತು

“ನೋಡ್ರಿ ನೂರಸಾಬ್ರ, ದನದ ದವಾಖಾನಿ ಕೆಲಸಾ ಹಿಡದು ಆರು ವರ್ಷ ಆತು. ಕಣ್ಣಿಲ್ಲದ ಕರಾ ನೋಡೀನಿ, ಬಾಲಿಲ್ಲದ ಕರಾ ನೋಡೀನಿ. ಎರಡು ಕೈ ಇದ್ದೂ ಕೈ ಇಲ್ಲದ್ದು ಅಂದ್ರ ಇದೊಂದ, ನಮ್ಮವ್ವ ಹಡದದ್ದು.”

ಅಂಗಳದ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕುಳಿತು, ಸಿಮೆಂಟಿನ ಪಟ್ಟಿ ಹಾಕಿದ ಬಲಗಾಲನ್ನು ದಿಂಬಿನ ಮೇಲೆ ಚಾಚಿಕೊಂಡು, ವಿರುಪಣ್ಣ ಹೀಗೆಂದು ತಮ್ಮ ಮಾರೆಪ್ಪನ ಬೆನ್ನಿನ ಕಡೆ ಗದ್ದ ಎತ್ತಿ ತೋರಿಸಿದ. ಮೊದಲು ನಕ್ಕವನು ಪಕ್ಕದ ಮನೆಯ ದೊಡ್ಡಬಸಪ್ಪ. ಬಾಯೊಳಗಿನ ಎಲೆಯಡಿಕೆ ಚೆಲ್ಲಬಾರದೆಂದು ಮುಖ ಮುಗಿಲಿಗೆ ಮಾಡಿ ಮೂಗಿನಿಂದಲೇ ನಕ್ಕ. ಕಟ್ಟೆಯ ಮೇಲೆ ಕೂತಿದ್ದ ಇನ್ನಿಬ್ಬರು ದೊಡ್ಡಬಸಪ್ಪ ನಕ್ಕನಲ್ಲ ಎಂದು ನಕ್ಕರು. ಮುಂಜಾನೆಯ ಬಸ್ಸಿಗೆ ಗಂಗಾವತಿಯಿಂದ ಬಂದಿದ್ದ ಗಾಡಿ ಮಿಸ್ತ್ರಿ ನೂರಸಾಬ ಮಾತ್ರ ಚಾಳೀಸು ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ಕೂತ. ಅವನು ನಗದೇ ಇದ್ದದ್ದು ಮಾರೆಪ್ಪನಿಗೆ ಹೆಚ್ಚು ಚುಚ್ಚಿತು. ನಕ್ಕುಬಿಟ್ಟಿದ್ದರೆ ಈತನೂ ಇವರೊಳಗೊಬ್ಬ ಎಂದು ಒಂದು ಕಡೆ ಸರಿಸಿಬಿಡಬಹುದಿತ್ತು.

ಮಾರೆಪ್ಪ ತಿರುಗಲಿಲ್ಲ. ಕುಕ್ಕರಗಾಲಲ್ಲಿ ಕೂತು, ಸ್ಟ್ಯಾಂಡಿನ ಮೇಲೆ ನಿಂತ ಮೋಟರ್‌ಸೈಕಲ್ಲಿನ ಹಿಂದಿನ ಗಾಲಿಯನ್ನು ಎಡಗೈಯಿಂದ ತಿರುವುತ್ತ, ಬಲಗೈಯಲ್ಲಿ ಒಂದು ತುಂಡು ಸೀಮೆಸುಣ್ಣವನ್ನು ಇಟ್ಟಂಗಿಯ ಮೇಲೆ ಊರಿ, ರಿಮ್ಮಿನಿಂದ ಕೂದಲೆಳೆಯಷ್ಟು ದೂರ ಹಿಡಿದಿದ್ದ. ಬಿದ್ದ ಪೆಟ್ಟಿಗೆ ರಿಮ್ಮು ಸೊಟ್ಟಗಾಗಿತ್ತು. ತಿರುಗುವಾಗ ಉಬ್ಬಿದ ಕಡೆ ಮಾತ್ರ ಸುಣ್ಣ ತಾಗಿ ಬಿಳಿ ಗೆರೆ ಬೀಳುತ್ತಿತ್ತು. ಗೆರೆ ಬಿದ್ದ ಕಡೆಯ ಕಡ್ಡಿಗಳನ್ನು ಅರ್ಧ ಸುತ್ತು ಸಡಿಲಿಸಬೇಕು, ಎದುರಿನವನ್ನು ಅರ್ಧ ಸುತ್ತು ಬಿಗಿಯಬೇಕು, ಗೆರೆ ಒರೆಸಿ ಮತ್ತೆ ತಿರುವಬೇಕು. ಹೊತ್ತು ಹುಟ್ಟಿದಾಗಿನಿಂದ ಇದೇ. ಅಣ್ಣನ ಮಾತು ಕಿವಿಗೆ ಬಿದ್ದಾಗ ಕೈ ಒಂದಿಷ್ಟು ಅಲುಗಿ, ಬೇಡದ ಕಡೆ ಒಂದು ಗೆರೆ ಬಿತ್ತು. ಅದನ್ನು ಹೆಬ್ಬೆರಳಿಂದ ಒರೆಸಿದ. ಸಿಟ್ಟು ಬಂತೋ ಇಲ್ಲವೋ ಎಂದು ಒಳಗೆ ತಡಕಿ ನೋಡಿಕೊಂಡ. ಬಂದಿತ್ತು, ಆದರೆ ಹೊತ್ತಾರೆ ಎದ್ದ ಎತ್ತಿನ ಹಾಗೆ ಕಾಲೆಳೆಯುತ್ತ ಬಂದಿತ್ತು. ಇಪ್ಪತ್ಮೂರು ದಿನದಿಂದ ಕಾಲು ನೋಡಲು ಬಂದ ಪ್ರತಿಯೊಬ್ಬರಿಗೂ ಅಣ್ಣ ಇಂಥದೊಂದು ಮಾತು ತೆಗೆದಿಡುತ್ತಿದ್ದ, ಬಂದವರಿಗೆ ಚಹಾ ಕೊಟ್ಟ ಹಾಗೆ. ಆಮೇಲೆ ಎಲ್ಲರದೂ ಒಂದೇ ಪ್ರಶ್ನೆ: ಗಾಲಿ ನಟ್ಟು ಬಿಗದಿದ್ದಿಯೋ ಇಲ್ಲೋ? ಮಾರೆಪ್ಪ ಒಬ್ಬರಿಗೂ ಬಿಗಿದಿದ್ದೆ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಒಳಗೆ ಅಡುಗೆ ಮನೆಯಲ್ಲಿ ಅವ್ವ ಮುದಕಮ್ಮ ಆ ಪ್ರಶ್ನೆ ಬಂದಾಗಲೆಲ್ಲ ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿದ್ದಳು. ಉತ್ತರ ಬಾರದೆ ಇದ್ದಾಗ ಮತ್ತೆ ಬಡಿಯುತ್ತಿದ್ದಳು.

ಸೀಮೆಸುಣ್ಣದ ವಾಸನೆ ಮೂಗಿಗೆ ಹತ್ತಿದಾಗ ನಾಲ್ಕನೆಯ ಇಯತ್ತೆ ನೆನಪಾಯಿತು. ಇದೇ ವಾಸನೆ ಅಣ್ಣನ ಬೆರಳಿಗಿತ್ತು. ಹದಿನಾಲ್ಕರ ಮಗ್ಗಿ ಹನ್ನೊಂದಕ್ಕೆ ನಿಂತುಬಿಟ್ಟಾಗ ಮಾಸ್ತರರು ಬಡಿಗೆ ಎತ್ತಲಿಲ್ಲ. ಏಳನೆಯ ಇಯತ್ತೆಯಿಂದ ವಿರುಪಣ್ಣನನ್ನು ಕರೆಸಿದರು. ಗೊತ್ತಿಲ್ಲದವನ ಮೂಗು ಹಿಡಿದು ಗೊತ್ತಿದ್ದವನು ಕೆನ್ನೆಗೆ ಹೊಡೆಯಬೇಕು, ಅದು ಆ ಸಾಲೆಯ ರೂಢಿ. ವಿರುಪಣ್ಣ ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದವನು ಹಾಗೆಯೇ ಎದ್ದು ಬಂದಿದ್ದ, ಬೆರಳೆಲ್ಲ ಬಿಳಿ. ಮೂಗು ಹಿಡಿದ. ಹೊಡೆತ ಜೋರಿರಲಿಲ್ಲ, ಬೇಕೆಂದೇ ಮೆತ್ತಗೆ ಹೊಡೆದಿದ್ದ; ಆ ಮೆತ್ತಗಿನ ಹೊಡೆತವನ್ನು ಮಾರೆಪ್ಪ ಇವತ್ತಿಗೂ ಮಾಫಿ ಮಾಡಿಲ್ಲ. ಮೂಗಿನ ತುದಿಯ ಮೇಲೆ ಬಿಳಿ ಗುರುತು ಉಳಿದದ್ದು ಗೊತ್ತಾಗದೆ ಮನೆಗೆ ಬಂದಿದ್ದ. ಅವ್ವ ಸೆರಗಿನಿಂದ ಒರೆಸಿ, “ಯಾರ ಹಚ್ಯಾರೋ ಇದನ್ನ?” ಎಂದಾಗ “ನಾನ” ಎಂದಿದ್ದ. ಆರನೆಯ ಇಯತ್ತೆಯಲ್ಲಿ ಒಂದು ದಿನ ಪಾಟಿ ಚೀಲವನ್ನು ಕುರಿಹಟ್ಟಿಯ ಬೇಲಿಗೆ ಸಿಕ್ಕಿಸಿ ಹೊಲಕ್ಕೆ ಹೋದವನು ಮತ್ತೆ ಸಾಲೆಯ ಕಡೆ ಮುಖ ಹಾಕಲಿಲ್ಲ. ಅಣ್ಣ ಕಲಿತ, ನೌಕರಿ ಹಿಡಿದ, ಹಳ್ಳಿಗರ ಬಾಯಲ್ಲಿ ದನದ ಡಾಕ್ಟರ್ ಸಾಹೇಬನಾದ. ಇರಕಲ್ಲಗಡದ ಸುತ್ತಿನ ಊರೂರು ತಿರುಗಲು ಕೊಪ್ಪಳದ ಒಬ್ಬ ಗುತ್ತಿಗೆದಾರನ ಹತ್ತಿರ ಹಳೆಯದೊಂದು ರಾಜದೂತ್ ಗಾಡಿ ತೆಗೆದುಕೊಂಡ.

ಗಾಡಿ ಅಣ್ಣನದು. ಆದರೆ ಅದರ ಹೊಟ್ಟೆಯೊಳಗೆ ಏನಿದೆ ಎಂಬುದು ತಮ್ಮನಿಗೆ ಗೊತ್ತು. ಕಂಪನಿಯಿಂದ ಬಂದ ಹಾಗೆ ಅದು ಟಾರು ರಸ್ತೆಯ ಗಾಡಿ. ಎರೆಭೂಮಿಯಲ್ಲಿ ನಾಲ್ಕು ಹನಿ ಬಿದ್ದರೆ ಮುಂದಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಕರಿಮಣ್ಣು ತುಂಬಿ ಗಾಲಿ ನಿಂತೇ ಹೋಗುತ್ತಿತ್ತು; ಅಣ್ಣ ಕಾಲಲ್ಲಿ ತಳ್ಳುತ್ತ, ಬೈಯುತ್ತ, ಹೊತ್ತು ಮುಳುಗಿದ ಮೇಲೆ ಬರುತ್ತಿದ್ದ. ಮಾರೆಪ್ಪ ಕಮ್ಮಾರನ ಹತ್ತಿರ ಎರಡು ಕಬ್ಬಿಣದ ಪಟ್ಟಿ ಬಡಿಸಿ ಮಡ್‌ಗಾರ್ಡನ್ನು ಮೂರು ಬೆರಳು ಮೇಲೆತ್ತಿದ. ಹಳ್ಳ ದಾಟುವಾಗ ನೀರು ಕುಡಿಯುತ್ತಿದ್ದ ಸೈಲೆನ್ಸರಿನ ಬಾಯನ್ನು ಚೇಳಿನ ಕೊಂಡಿಯ ಹಾಗೆ ಮೇಲಕ್ಕೆ ತಿರುಗಿಸಿ ಕಟ್ಟಿದ. ಅಲ್ಲಿಂದ ಅದು ಟಾರಿಗೂ ಸೈ, ಹೊಲದ ಬದುವಿಗೂ ಸೈ, ಮೊಣಕಾಲು ನೀರಿಗೂ ಸೈ. ನೋಡಿದವರು, “ಡಾಕ್ಟರ್ ಸಾಹೇಬ್ರ ಗಾಡಿ ನೋಡ್ರಿ, ಆಡಿನಂಗ ಗುಡ್ಡಾ ಹತ್ತತೈತಿ” ಎಂದರು. ಅಣ್ಣ, “ಹೌದ್ರಿ, ಹಂಗ ಮಾಡಿಸೀನಿ” ಎಂದ. ಮಾಡಿಸೀನಿ. ಆ ಒಂದು ಮಾತನ್ನು ಮಾರೆಪ್ಪ ಎಷ್ಟು ದಿನ ಬಾಯೊಳಗೆ ಹೊರಳಿಸಿದ್ದನೆಂದರೆ ಅದರ ರುಚಿಯೇ ಹೋಗಿತ್ತು.

“ಎಷ್ಟು ಉಳದೈತಿ?” ನೂರಸಾಬ ಎದ್ದು ಬಂದು ಪಕ್ಕದಲ್ಲಿ ಕುಕ್ಕರಿಸಿದ. ಅವನ ಮೊಣಕಾಲು ಲಟಕ್ಕೆಂದಿತು.

“ಎರಡು ಕಡೆ ಮುಟ್ಟತೈತಿ ಕಾಕಾ.”

“ತಿರುವು ನೋಡೂಣು.”

ಗಾಲಿ ತಿರುಗಿತು. ಚಸ್, ಚಸ್ ಎಂದು ಎರಡು ಕಡೆ ಸುಣ್ಣ ತಾಗಿತು. ನೂರಸಾಬ ಕಣ್ಣು ಮುಚ್ಚಿಕೊಂಡು ಕೇಳಿದ. “ಒಂದು ಮೆತ್ತಗೈತಿ, ಒಂದು ಗಟ್ಟಿ ಐತಿ. ಗಟ್ಟೀದನ್ನ ಮೊದಲು ಹಿಡಿ. ಅದು ಸರಿಯಾದ್ರ ಇದು ತಾನ ಸರಿಯಾಕ್ಕೈತಿ. ಸಣ್ಣ ತಪ್ಪಿನ ಬೆನ್ನು ಹತ್ತಬಾರದು ಬೇಟಾ.”

ದಸರೆಗೆ ಮೊದಲು ಮಾರೆಪ್ಪ ಅಣ್ಣನಿಗೆ ಹೇಳದೆ ಗಂಗಾವತಿಗೆ ಹೋಗಿ ಈತನ ಅಂಗಡಿಯ ಮುಂದೆ ಒಂದು ದಿನವಿಡೀ ನಿಂತಿದ್ದ. ಸಂಜೆ ಬಾಗಿಲು ಎಳೆಯುವಾಗ ನೂರಸಾಬ, “ಯಾರಪ್ಪಾ ನೀನು, ಗಿರಾಕಿ ಅಲ್ಲ, ಕಳ್ಳನೂ ಅಲ್ಲ?” ಎಂದು ಕೇಳಿದ್ದ. ಕೆಲಸ ಬೇಕು ಎಂದಿದ್ದ ಮಾರೆಪ್ಪ. “ದೀಪಾವಳಿ ಮುಗೀಲಿ. ನಿಮ್ಮೂರ ಕಡೆ ಬರತೀನಿ. ನಿನ್ನ ಮನಿಯಾಗ ನಿನ್ನ ಕೈ ನೋಡತೀನಿ. ಅಂಗಡ್ಯಾಗ ಎಲ್ಲಾರ ಕೈಯೂ ಛಲೋ ಇರತಾವ.” ದೀಪಾವಳಿಯ ಪಾಡ್ಯ ಕಳೆದು ಇಂದಿಗೆ ಎರಡು ದಿನ. ನೂರಸಾಬ ಆಡಿದಂತೆ ಬಂದಿದ್ದ. ಈ ಮನೆ, ಈ ಬೇವಿನ ಗಿಡ, ಈ ಹೊರಸು ಬಿಟ್ಟು ಹೋಗಲು ಇರುವ ಬಾಗಿಲು ಇದೊಂದೇ ಎಂದು ಮಾರೆಪ್ಪನಿಗೆ ಗೊತ್ತಿತ್ತು. ಆ ಬಾಗಿಲಿಗೆ ಅಡ್ಡವಾಗಿ ಒಂದು ನಟ್ಟು ಕೂತಿತ್ತು. ಹಿಂದಿನ ಗಾಲಿಯ ಅಚ್ಚಿನ ನಟ್ಟು. ಮಾತಾಡುವಾಗಲೂ ನೂರಸಾಬನ ಕಣ್ಣು ಅದರ ಹತ್ತಿರ ಹೋಗುತ್ತದೋ ಇಲ್ಲವೋ ಎಂದು ಮಾರೆಪ್ಪ ಕಾಯುತ್ತಿದ್ದ.

ಆಗಲೇ ಪಕೀರಮ್ಮ ಬಂದಳು. ತಲೆಯ ಮೇಲಿನ ಬುಟ್ಟಿಯಲ್ಲಿ ಹೊಲದ ಸೌತೆಕಾಯಿ. ಹಳ್ಳದಾಚೆಯ ಊರಿನ ವಿಧವೆ. ಅವಳ ಎಮ್ಮೆ ಈಯಲಾರದೆ ಒದ್ದಾಡುತ್ತಿದೆ ಎಂದು ಕರೆ ಬಂದಾಗಲೇ ಅಣ್ಣ ದಶಮಿಯ ಮುಂಜಾನೆ ಗಾಡಿ ಹತ್ತಿದ್ದು. ಹಳ್ಳದ ಇಳಿಜಾರಿನಲ್ಲಿ ಹಿಂದಿನ ಗಾಲಿ ಜಾರಿ ವಾರೆಯಾಗಿ, ಗಾಡಿ ಅಡ್ಡ ಬಿದ್ದು, ಕಾಲು ಮುರಿದಿತ್ತು. ಅವಳ ಊರಿನವರೇ ಅಣ್ಣನನ್ನೂ ಗಾಡಿಯನ್ನೂ ಒಂದೇ ಚಕ್ಕಡಿಯಲ್ಲಿ ಹೇರಿಕೊಂಡು ಬಂದಿದ್ದರು. ಎಮ್ಮೆ ಮಧ್ಯಾಹ್ನದವರೆಗೆ ಕಾಯ್ದು, ಕರು ಒಳಗಿದ್ದಂತೆಯೇ ಸತ್ತಿತು.

“ಹೆಂಗೈತ್ರಿ ಸಾಹೇಬ್ರ ಕಾಲು?” ಎಂದು ಬುಟ್ಟಿ ಇಳಿಸಿ ನೆಲದ ಮೇಲೆ ಕೂತಳು.

“ಐತಿ ನೋಡು, ಬಿಳೇ ಆನಿ ಕಾಲಿನಂಗ,” ಎಂದ ವಿರುಪಣ್ಣ. “ನಿನ್ನ ಎಮ್ಮಿ ನನ್ನ ಕೈಯಾಗ ಉಳೀತಿತ್ತು ಪಕೀರಮ್ಮ. ಕೈ ಹಾಕಿ ತಿರುವಿದ್ರ ಅರ್ಧ ತಾಸಿನ ಕೆಲಸ. ಏನು ಮಾಡ್ಲಿ?”

“ಬಿಡ್ರಿ. ಅದರ ಋಣಾ ಅಷ್ಟ ಇತ್ತು. ಎರಡು ಸರೆ ನನ್ನ ಕಡೆ ನೋಡ್ತು. ಆಮ್ಯಾಲ ನೋಡೂದು ಬಿಡ್ತು.” ಅವಳು ಸೌತೆಕಾಯಿಯೊಂದನ್ನು ಸೆರಗಿಗೆ ಒರೆಸಿ ನೂರಸಾಬನಿಗೆ ಕೊಟ್ಟಳು. ಇನ್ನೊಂದನ್ನು ಒರೆಸಿ, “ತಗಾ ತಮ್ಮಾ, ಬಿಸಲಾಗ ಕುಂತೀದಿ,” ಎಂದು ಮಾರೆಪ್ಪನ ಕಡೆ ಚಾಚಿದಳು.

ಕೈ ಕರಿ ಇದೆ ಎಂದು ತೋರಿಸಿ ಅವನು ತೆಗೆದುಕೊಳ್ಳಲಿಲ್ಲ. ಅವಳು ಅದನ್ನು ಗಾಡಿಯ ಸೀಟಿನ ಮೇಲಿಟ್ಟಳು. ಹಸಿರಾಗಿ, ತಣ್ಣಗೆ, ಅದು ಅಲ್ಲಿ ಮಲಗಿತ್ತು. ಅವಳು ಬೈದಿದ್ದರೆ ಚೆನ್ನಾಗಿತ್ತು. ಅಣ್ಣನ ಬೈಗುಳಕ್ಕೆ ಎದುರಿಡಲು ಅವನ ಹತ್ತಿರ ಸಿಟ್ಟಿತ್ತು. ಈ ಸೌತೆಕಾಯಿಗೆ ಎದುರಿಡಲು ಏನೂ ಇರಲಿಲ್ಲ.

ನವಮಿಯ ದಿನ ಮಧ್ಯಾಹ್ನ ಹಿಂದಿನ ಗಾಲಿ ಪಂಕ್ಚರಾಗಿತ್ತು. ಗಾಲಿ ಬಿಚ್ಚಿ, ಟ್ಯೂಬಿಗೆ ತೇಪೆ ಹಾಕಿ, ಸೈಕಲ್ ಅಂಗಡಿಗೆ ಹೊತ್ತೊಯ್ದು ಗಾಳಿ ಹೊಡೆಸಿಕೊಂಡು ಬಂದು ನೋಡಿದರೆ ಅಂಗಳದಲ್ಲಿ ಒಂದು ಚೂರು ಕಬ್ಬಿಣವಿರಲಿಲ್ಲ. ಖಂಡೆ ಪೂಜೆ. ಅವ್ವ ಕುಡಗೋಲು, ಕೊಡಲಿ, ಕುಂಟೆಯ ಕುಡ, ಈಳಿಗೆ, ಅಣ್ಣನ ಸೂಜಿಯ ಡಬ್ಬಿ, ಎಲ್ಲವನ್ನೂ ತೊಳೆದು ದೇವರ ಮುಂದೆ ಸಾಲಾಗಿ ಕೂಡ್ರಿಸಿದ್ದಳು. ಸಾಲಿನ ಕೊನೆಗೆ ಅವನ ಪಾನಾಗಳು, ದೊಡ್ಡದರಿಂದ ಸಣ್ಣದಕ್ಕೆ, ಬಾಯಿ ಎಲ್ಲ ಮೇಲೆ ಮಾಡಿ, ವಿಭೂತಿ ಬಳಿಸಿಕೊಂಡು. ಒಂದು ಕ್ಷಣ ಅವನಿಗೆ ಒಳಗೊಳಗೇ ಖುಷಿಯಾಯಿತು, ಸುಳ್ಳಲ್ಲ. ಸೂಜಿಯ ಡಬ್ಬಿಯ ಸಾಲಿನಲ್ಲಿ ತನ್ನ ಪಾನಾ. ಆಮೇಲೆ ಅಚ್ಚಿನ ನಟ್ಟು ಬಿಗಿಯುವ ದೊಡ್ಡ ಪಾನಾ ಒಂದನ್ನು ಕೊಡು ಎಂದ. “ಕೂಡ್ರಿಸಿದ್ದನ್ನ ಎಬ್ಬಸಬಾರದೋ. ನಾಳಿ ಸಂಜಿಕ್ಕ ಬನ್ನಿ ಬರೂತನಕ ಮುಟ್ಟೂಹಂಗಿಲ್ಲ.” “ಒಂದು ನಟ್ಟು ಬೇ.” “ಆ ನಟ್ಟೇನು ಓಡಿ ಹೊಕ್ಕೈತೇನು? ಹಬ್ಬದಾಗ ಗಾಡಿ ಯಾರು ಹತ್ತತಾರ?” ಅದೂ ನಿಜ. ಹೊಸ ವಾಶರು ಹಾಕಿ, ನಟ್ಟನ್ನು ಬೆರಳಿಂದಲೇ ತಿರುವಿ, ತಿರುಗದಷ್ಟು ತಿರುವಿ, ನಾಳೆ ಸಂಜೆ ಬಿಗಿದರಾಯಿತು ಎಂದು ಗಾಡಿಯನ್ನು ದನಕ್ಕೆ ಮೇವು ಹಾಕುವ ಗ್ವಾದಲಿಯ ಪಕ್ಕದಲ್ಲಿ ನಿಲ್ಲಿಸಿದ. ಅದಕ್ಕೂ ಅವ್ವ ಕುಂಕುಮ ಹಚ್ಚಿ ಚೆಂಡುಹೂವಿನ ಸರ ಹಾಕಿದಳು.

ದಶಮಿಯ ಮುಂಜಾನೆ ಅವನು ಗ್ವಾದಲಿಯ ಹತ್ತಿರ ನಿಂತು ಬೇವಿನ ಕಡ್ಡಿ ಅಗಿಯುತ್ತಿದ್ದ. ಯಾರೋ ಓಡಿ ಬಂದು ಎಮ್ಮೆಯ ಸುದ್ದಿ ಹೇಳಿದರು. ಅಣ್ಣ ದಡಬಡಿಸಿ ಎದ್ದ, ಅಂಗಿ ಹಾಕಿಕೊಂಡ. ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಅವ್ವ ತಾನೇ ದೇವರ ಮುಂದೆ ಬಾಗಿ, ಸೂಜಿಯ ಡಬ್ಬಿ ಎತ್ತಿ, ಮೇಲಿನ ಹೂವು ತೆಗೆದು ಕಣ್ಣಿಗೆ ಒತ್ತಿಕೊಂಡು ಅಣ್ಣನ ಕೈಗೆ ಕೊಟ್ಟಳು. “ಸರಕಾರಿ ಕೆಲಸ, ದೇವರೂ ಒಪ್ಪತಾನ, ಹೋಗು,” ಎಂದಳು. ಸಾಲಿನಲ್ಲಿ ಡಬ್ಬಿಯ ಜಾಗ ಖಾಲಿಯಾಯಿತು. ಪಾನಾ ಅಲ್ಲಿಯೇ ಇದ್ದವು, ಬಾಯಿ ಮೇಲೆ ಮಾಡಿಕೊಂಡು. ಮಾರೆಪ್ಪನ ಹಲ್ಲು ಬೇವಿನ ಕಡ್ಡಿಯನ್ನು ಕಟಕ್ಕೆಂದು ಕಡಿಯಿತು. ಅಣ್ಣ ಬಂದು ಗಾಡಿ ಸ್ಟ್ಯಾಂಡಿನಿಂದ ಇಳಿಸಿದ. ಒಂದು ಕಿಕ್ಕು ಹೊಡೆದ. ಹತ್ತಲಿಲ್ಲ. ತಣ್ಣಗಿನ ಎಂಜಿನ್ನಿಗೆ ಮೊದಲು ಕಾರ್ಬೊರೇಟರಿನ ಮೇಲಿನ ಪುಟ್ಟ ಗುಂಡಿ ಒತ್ತಿ ಪೆಟ್ರೋಲು ಜಿನುಗಿಸಬೇಕು ಎಂದು ನೂರು ಸಲ ಹೇಳಿದ್ದ; ಅಣ್ಣ ಒಮ್ಮೆಯೂ ಒತ್ತಿದವನಲ್ಲ. ಎರಡನೆಯ ಕಿಕ್ಕು. ಗುಂಡಿ ಒತ್ತಲೇ ಮಂಗ್ಯಾ, ಎಂದುಕೊಂಡ ಮಾರೆಪ್ಪ, ಬಾಯೊಳಗೆ ಕಹಿ ನೊರೆ. ಅಣ್ಣ ತಲೆ ಎತ್ತಿ ಅವನ ಕಡೆ ನೋಡಿದ. ಅವನೂ ನೋಡಿದ. ಮೂರನೆಯ ಕಿಕ್ಕಿಗೆ ಗಾಡಿ ಹತ್ತಿತು, ಚೆಂಡುಹೂವಿನ ಸರ ಅಲುಗಿತು, ಬಾಗಿಲು ದಾಟಿತು. ಆ ಮೂರು ಕಿಕ್ಕಿನ ಹೊತ್ತಿನಲ್ಲಿ ನಟ್ಟಿನ ನೆನಪು ತನಗೆ ಇತ್ತೋ ಇಲ್ಲವೋ? ಇಪ್ಪತ್ಮೂರು ದಿನದಿಂದ ಅವನು ಅದನ್ನೇ ತಿರುವಿ ತಿರುವಿ ನೋಡುತ್ತಿದ್ದ. ಬಾಯಲ್ಲಿ ನೊರೆಯಿತ್ತು, ಕೂಗಲು ಬರುತ್ತಿರಲಿಲ್ಲ, ಎಂದು ಒಂದು ದಿನ ಹೇಳಿಕೊಂಡ. ಉಗುಳಲು ಎಷ್ಟು ಹೊತ್ತು ಬೇಕು? ಮನಸ್ಸೆಲ್ಲ ಆ ಗುಂಡಿಯ ಮೇಲಿತ್ತು, ಎಂದು ಇನ್ನೊಂದು ದಿನ. ಗುಂಡಿ ನೆನಪಿದ್ದವನಿಗೆ ನಟ್ಟು ಹೇಗೆ ಮರೆಯುತ್ತದೆ? ಒಮ್ಮೊಮ್ಮೆ ನೆನಪಿರಲೇ ಇಲ್ಲ ಎಂದು ಖಾತ್ರಿಯಾಗುತ್ತಿತ್ತು. ಆದರೆ ಗಾಡಿ ಬಾಗಿಲು ದಾಟಿದ ಮೇಲೆ ತಾನು ಮೊದಲು ನೋಡಿದ್ದು ಎಲ್ಲಿಗೆ? ಪಾನಾದ ಕಡೆ. ಅದು ಮಾತ್ರ ಎಷ್ಟು ತಿರುವಿದರೂ ಅಲುಗುತ್ತಿರಲಿಲ್ಲ.

ಅವ್ವ ಬಾಯಿ ಬಿಡಲಿ ಎಂದು ಮೊದಮೊದಲು ಕಾಯ್ದ. ಪಾನಾ ನಾನೇ ಕೊಡಲಿಲ್ಲ ಎಂದು ಒಂದು ಮಾತು ಅವಳು ಆಡಿದ್ದರೆ ಅಣ್ಣನ ಬಾಯಿಗೆ ಬೀಗ ಬೀಳುತ್ತಿತ್ತು. ಅವಳು ಆಡಲಿಲ್ಲ. ಅವನ ತಾಟಿಗೆ ಮಾತ್ರ ಬೆಣ್ಣೆ ಒಂದು ಬೆರಳು ಹೆಚ್ಚು ಹಾಕುತ್ತಿದ್ದಳು. ಆಮೇಲಾಮೇಲೆ ಅವಳು ಬಾಯಿ ಬಿಟ್ಟರೆ ಹೇಗೆ ಎಂದು ಅಂಜಿಕೆ ಶುರುವಾಯಿತು. ಆ ಪರದೆ ಸರಿದರೆ ಹಿಂದೆ ಉಳಿಯುವುದು ಮೂರು ಕಿಕ್ಕು ಮಾತ್ರ.

ಗಾಲಿ ಈಗ ಸುಣ್ಣಕ್ಕೆ ತಾಗದೆ ತಿರುಗಿತು. ನೂರಸಾಬ ಸುಣ್ಣವನ್ನು ಇನ್ನೂ ಹತ್ತಿರ ಸರಿಸಿದ. ತಾಗಲಿಲ್ಲ. “ಶಾಭಾಸ್,” ಎಂದ, ಮೆಲ್ಲಗೆ, ಮಾರೆಪ್ಪನಿಗಷ್ಟೇ ಕೇಳುವಂತೆ. ಆಮೇಲೆ ಅವನ ಕಣ್ಣು ಅಚ್ಚಿನ ಕಡೆ ಹೋಯಿತು. ನೂರಸಾಬ ನಟ್ಟಿಗೆ ಎರಡು ಬೆರಳು ಹಾಕಿ ತಿರುವಿದ. ಅದು ಸಲೀಸಾಗಿ ಬಂತು. ವಾಶರನ್ನು ತೆಗೆದು, ಚಾಳೀಸು ಹಣೆಗೆ ಏರಿಸಿ, ಬಿಸಿಲಿಗೆ ಹಿಡಿದ. ಅದರ ಮುಖ ಮದುವೆಯ ತಾಟಿನ ಹಾಗೆ ಹೊಳೆಯಿತು. ಬಿಗಿದ ನಟ್ಟು ವಾಶರಿನ ಮೈಮೇಲೆ ಉಂಗುರದಂಥ ಗುರುತು ಕೊರೆಯುತ್ತದೆ. ಇದರ ಮೇಲೆ ಗೀರೂ ಇರಲಿಲ್ಲ. ಇಪ್ಪತ್ಮೂರು ದಿನದಲ್ಲಿ ಒಂದು ಸಲ ಪಾನಾ ಹಾಕಿ ಒತ್ತಿದ್ದರೆ ಆ ಗುರುತು ಮೂಡುತ್ತಿತ್ತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಮಾರೆಪ್ಪ ಪಾನಾ ಹಿಡಿದು ಇಲ್ಲಿ ಕೂತದ್ದೂ ನಿಜ. ನಟ್ಟಿಗೆ ಹಚ್ಚಿದ. ಕೈ ಬರಲಿಲ್ಲ. ಮನುಷ್ಯರಿಗೆ ಸುಳ್ಳು ಹೇಳಬಹುದು; ಇದು ಗಾಡಿ.

“ಇದಕ್ಕ ಪಾನಾನ ಬಿದ್ದಿಲ್ಲಲ್ಲ,” ಎಂದ ನೂರಸಾಬ. ಮೆಲ್ಲಗೆ ಹೇಳಬೇಕೆಂದೇ ಹೇಳಿದ್ದು, ಆದರೆ ಅಂಗಳ ಆಗಲೇ ಮಾತು ನಿಲ್ಲಿಸಿತ್ತು.

“ನೋಡ್ರಿ! ನೋಡ್ರಿ ಮತ್ತ!” ವಿರುಪಣ್ಣ ಹೊರಸಿನ ಮೇಲೆ ಒಂದು ಗೇಣು ಎದ್ದ. “ನಾ ಹೇಳಿದ್ರ ಸುಳ್ಳು ಅಂತಿದ್ರಿ. ಗಂಗಾವತಿ ಮಿಸ್ತ್ರಿ ಹೇಳಿದ್ರಲ್ಲ ಈಗ? ದೊಡ್ಡಬಸಪ್ಪ ಕಾಕಾ, ಕೇಳಿದ್ಯೋ ಇಲ್ಲೋ?”

“ಕೇಳಿದೆಪಾ,” ಎಂದ ದೊಡ್ಡಬಸಪ್ಪ. “ತಮ್ಮನ ಕೈಯಾಗ ಗಾಡಿ ಕೊಡೂಕಿಂತಾ ಯಮನ ಕೋಣಾ ಹತ್ತಿದ್ರ ಛಲೋ ಇತ್ತು ನೋಡು. ಅದಕ್ಕ ನಟ್ಟಿಲ್ಲ.”

ಮತ್ತೆ ನಗೆ. ಪಕೀರಮ್ಮ ನಗಲಿಲ್ಲ, ಅವಳು ವಾಶರಿನ ಕಡೆ, ಅದು ಏನೆಂದು ತಿಳಿಯದೆ, ನೋಡುತ್ತಿದ್ದಳು. ಆ ನಗೆಯ ನಡುವೆ ಮುದಕಮ್ಮ ಹೊಸ್ತಿಲಿಗೆ ಬಂದು ನಿಂತಳು. ಮೊಣಕೈವರೆಗೆ ಜೋಳದ ಹಿಟ್ಟು.

“ಸಾಕು ಮಾಡ್ರಿ ನಿಮ್ಮ ನಗೀ,” ಎಂದಳು. ದನಿ ಒಡೆದಿತ್ತು. “ಪಾನಾ ನಾನ ಕೊಡಲಿಲ್ಲ. ಖಂಡೇ ಸಾಲಿನಾಗ ಕೂಡ್ರಿಸಿದ್ದೆ. ಕೂಸು ಬೇಡಿದಂಗ ಬೇಡಿದ, ಒಂದು ನಟ್ಟು ಬೇ, ಒಂದು ನಟ್ಟು ಬೇ ಅಂತ. ಬನ್ನಿ ಬರೂತನಕ ಮುಟ್ಟಬ್ಯಾಡ ಅಂದೆ. ದೇವರ ಮುಂದಿಂದು ಹೆಂಗ ಎತ್ತಿ ಕೊಡ್ಲಿ?” ಅಲ್ಲಿಗೆ ನಿಂತಳು. ಮರುದಿನ ಮುಂಜಾನೆ ಏನು ಎತ್ತಿ ಯಾರಿಗೆ ಕೊಟ್ಟಳೆಂಬುದು ಅವಳಿಗೂ ಅದೇ ಹೊತ್ತಿಗೆ ನೆನಪಾದಂತೆ ಕಂಡಿತು. ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. “ಹೇಳಲಿಲ್ಲ ನಾನು. ಅಂಜಿದೆ. ಹಿರೇಮಗನ ಕಾಲು ನಾನ ಮುರದಂಗ ಆತಲ್ಲ ಅಂತ ಅಂಜಿದೆ.”

ದೊಡ್ಡಬಸಪ್ಪ ಎದ್ದು ಬೇಲಿಯ ತನಕ ಹೋಗಿ ಬಾಯೊಳಗಿನದನ್ನು ಉಗುಳಿ ಬಂದ. “ದೇವರ ಕೆಲಸದಾಗ ಆದದ್ದು ಬಿಡವ್ವ,” ಎಂದಳು ಪಕೀರಮ್ಮ, “ನೀ ಏನು ಕೆಟ್ಟದ್ದಕ್ಕ ಮಾಡಿದ್ಯಾ?” ನೂರಸಾಬ ವಾಶರನ್ನು ಮತ್ತೆ ಅಚ್ಚಿಗೆ ಹಾಕಿ, ನಟ್ಟು ಕೂಡ್ರಿಸಿದ. “ನನ್ನ ಅಂಗಡ್ಯಾಗೂ ಹುಡುಗರು ಪೂಜಿ ಮಾಡ್ತಾರ. ಎರಡು ದಿನ ನಾನೂ ಪಾನಾ ಮುಟ್ಟೂದಿಲ್ಲ. ಇದರಾಗ ಕೈದೇನು ತಪ್ಪೈತಿ?” ಎಂದು ಅಂಗಳಕ್ಕೆಲ್ಲ ಕೇಳುವಂತೆ ಹೇಳಿ, ದೊಡ್ಡ ಪಾನಾ ಎತ್ತಿ ಮಾರೆಪ್ಪನ ಕೈಗೆ ಕೊಟ್ಟ. “ಬಿಗಿ. ಬುಧವಾರ ಅಂಗಡಿಗೆ ಬಾ. ಹಾಸಿಗಿ ತಗೊಂಡು ಬಾ.”

ಮಾರೆಪ್ಪ ಬಿಗಿದ. ಕಾಲು ಸುತ್ತು, ಮತ್ತೆ ಕಾಲು ಸುತ್ತು. ವಾಶರು ನಟ್ಟಿನ ಕೆಳಗೆ ಕಿರ್ ಎಂದದ್ದು ಅವನ ಮೊಣಕೈವರೆಗೆ ತಿಳಿಯಿತು. ಈಗ ಗುರುತು ಬಿದ್ದಿತು. ಇನ್ನು ಯಾರು ಬಿಚ್ಚಿ ನೋಡಿದರೂ ಬಿಗಿದ ನಟ್ಟು. ಬಾಗಿಲು ತೆರೆದಿತ್ತು, ಹಾಸಿಗೆ ಸುತ್ತಿಕೊಂಡು ಹೋಗುವುದಷ್ಟೇ. ಇಷ್ಟು ದಿನ ಬೇಕೆಂದದ್ದು ಬಂದ ಮೇಲೆ ಮೈ ಹಗುರವಾಗಬೇಕಿತ್ತು, ಆಗಲಿಲ್ಲ. ದಣಿವು ಮಾತ್ರ ಬೆನ್ನ ಹುರಿಯ ಗುಂಟ ಇಳಿದು ಸೊಂಟದಲ್ಲಿ ಕೂತಿತು. ಬೆನ್ನ ಹಿಂದೆ ಹೊರಸು ಕಿರುಗುಟ್ಟಿತು.

“ಮಾರ್ಯಾ,” ಎಂದ ವಿರುಪಣ್ಣ.

ದನಿಯಲ್ಲಿ ಬಂದವರಿಗಾಗಿ ಇಟ್ಟ ಮೆರುಗು ಇರಲಿಲ್ಲ. ಮನೆಯೊಳಗೆ ಇಬ್ಬರೇ ಇದ್ದಾಗ, ಬಹಳ ವರ್ಷದ ಹಿಂದೆ, ಈ ದನಿ ಇತ್ತು.

“ಅವತ್ತು ಮುಂಜಾನೆ ನೀ ಗ್ವಾದಲಿ ಹಂತ್ಯಾಕ ನಿಂತಿದ್ದೆಲ್ಲೋ. ಬಾಯಾಗ ಕಡ್ಡಿ ಇತ್ತು. ನಾ ಗಾಡಿ ಇಳಿಸಿದ್ದು ನೋಡಿದಿ.” ಪಟ್ಟಿಯ ಕಾಲನ್ನು ದಿಂಬಿನ ಮೇಲೆ ಸರಿಸಿಕೊಂಡ. “ಮೂರು ಕಿಕ್ ಹೊಡದೆ. ನಿನ್ನ ಕಡೆ ನೋಡಿದೆ ಒಮ್ಮೆ. ನೀನೂ ನೋಡಿದಿ. ಒಂದು ಮಾತು ಹೇಳಬಾರದಿತ್ತೇನೋ?”

ಅಂಗಳಕ್ಕೆ ಇದು ಅರ್ಥವಾಗಲು ಒಂದಿಷ್ಟು ಹೊತ್ತು ಹಿಡಿಯಿತು. ಮೊದಲು ಅವ್ವನಿಗೆ ಅರ್ಥವಾಯಿತು. ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. ಆಮೇಲೆ ಪಕೀರಮ್ಮ ನಿಧಾನಕ್ಕೆ ತಲೆ ಎತ್ತಿ ಅವನ ಮುಖ ನೋಡಿದಳು. ಬೈಯುವ ಕಣ್ಣಲ್ಲ. ನೋಡಿದಳು ಅಷ್ಟೇ, ಇನ್ನೊಂದಿಷ್ಟು ಹೊತ್ತಿಗೆ ನೋಡುವುದನ್ನು ಬಿಡುತ್ತಾಳೆ ಎಂದು ಮಾರೆಪ್ಪನಿಗೆ ಅನ್ನಿಸಿತು. ಮರೆತಿದ್ದೆ ಎಂದರೆ ಎಲ್ಲರೂ ಒಪ್ಪುತ್ತಿದ್ದರು. ಅಣ್ಣನೂ ಒಪ್ಪುತ್ತಿದ್ದ, ಒಪ್ಪಲೆಂದೇ ಕೇಳಿದ ಹಾಗಿತ್ತು. ಮರತಿದ್ದೆ. ನಾಲಿಗೆ ಹೊರಳಿಸಿದರೆ ಸಾಕು. ನೆನಪಿತ್ತು ಎನ್ನುವುದೂ ಅಷ್ಟೇ ಸಣ್ಣ ಮಾತು. ಎರಡರಲ್ಲಿ ಯಾವುದು ನಿಜ ಎಂದು ಗೊತ್ತಿದ್ದರೆ ಯಾವುದಾದರೊಂದನ್ನು ಅವನು ಆಡಿಯೇ ಬಿಡುತ್ತಿದ್ದ.

ಪಾನಾ ಒರೆಸಿ ಸೀಟಿನ ಮೇಲೆ, ಸೌತೆಕಾಯಿಯ ಪಕ್ಕದಲ್ಲಿ ಇಟ್ಟ. ಎದ್ದ. ಕಾಲು ಜೋಮು ಹಿಡಿದಿತ್ತು. ಒಂದು ಹೆಜ್ಜೆ ಕುಂಟಿದಂತಾಯಿತು, ಅಣ್ಣನನ್ನು ಅಣಕಿಸಿದ ಹಾಗೆ ಕಂಡೀತೆಂದು ಎರಡನೆಯದನ್ನು ಗಟ್ಟಿಯಾಗಿ ಊರಿದ. ಹೊರಸನ್ನು ದಾಟಿದ. ಪಕೀರಮ್ಮನ ಬುಟ್ಟಿಯನ್ನು ಸುತ್ತು ಹಾಕಿದ. “ಕೈಯಾದ್ರೂ ತೊಳಕೊಂಡು ಹೋಗೋ,” ಎಂದು ಅವ್ವ ಕೂಗಿದಳು. ಹಿಂದೆ ಯಾರೋ ಗಾಲಿಯನ್ನು ತಿರುವಿದರು. ನೂರಸಾಬನೇ ಇರಬೇಕು, ಕೈಗೆ ಏನಾದರೂ ಬೇಕಿತ್ತೇನೋ. ಅದು ಎಲ್ಲಿಯೂ ತಾಗದೆ, ಒಂದು ಸದ್ದೂ ಮಾಡದೆ ತಿರುಗುತ್ತಿತ್ತು, ನಿಲ್ಲಲು ಬಹಳ ಹೊತ್ತು ಬೇಕಾಗುವಂತೆ. ಮಾರೆಪ್ಪ ಬೇಲಿಯ ಬಾಗಿಲು ಸರಿಸಿ ದಾರಿಗೆ ಇಳಿದ.